ಸೇರಿ ವರ್ಷ ತುಂಬುವ ಮೊದಲೇ ಪಾಯಿಂಟ್ ಶೂ ಹಾಕಿಸುವ ಬ್ಯಾಲೆ ಕ್ಲಾಸ್ ಬಗ್ಗೆ ಎಚ್ಚರ

ಮಕ್ಕಳನ್ನು ಬ್ಯಾಲೆಗೆ ಸೇರಿಸಬೇಕು ಅಂತಿರುವ ಅಪ್ಪ ಅಮ್ಮಂದಿರು ದಯವಿಟ್ಟು ಇದನ್ನು ಪೂರ್ತಿ ಓದಿ. ನನ್ನ ಮಗಳಿಗೆ ಒಂಬತ್ತು ವರ್ಷ. ಮನೆ ಹತ್ತಿರದ ಡ್ಯಾನ್ಸ್ ಸ್ಟುಡಿಯೋದಲ್ಲಿ ಬ್ಯಾಲೆ ಶುರುವಾಗಿದೆ ಅಂತ ಗೊತ್ತಾಗಿದ್ದೇ ತಡ, ಅವಳೇ ಹಟ ಹಿಡಿದು ಸೇರಿದಳು. ವರ್ಷ ತುಂಬುವುದರೊಳಗೆ ಎರಡೂ ಹೆಬ್ಬೆರಳಿನ ಉಗುರು ಕಪ್ಪಾದವು, ಹಿಮ್ಮಡಿಯಲ್ಲಿ ನೋವು ಕೂತಿತು, ಬೆಳಿಗ್ಗೆ ಎದ್ದರೆ ಗೋಡೆ ಹಿಡಿದೇ ಮೆಟ್ಟಿಲು ಇಳಿಯುತ್ತಿದ್ದಳು. ತಪ್ಪು ಬ್ಯಾಲೆಯದ್ದಲ್ಲ, ಅಲ್ಲಿ ಕಲಿಸಿದ ರೀತಿಯದ್ದು.

ಸೇರಿಸುವಾಗ ಆ ಮಿಸ್ ಹೇಳಿದ್ದು ಈಗಲೂ ನೆನಪಿದೆ: "ಬೇರೆ ಕಡೆ ವರ್ಷಗಟ್ಟಲೆ ಕಾಯಿಸ್ತಾರೆ, ನಮ್ಮಲ್ಲಿ ಮೊದಲ ಆನ್ಯುಯಲ್ ಡೇಗೇ ಪಾಯಿಂಟ್ ಮೇಲೆ ನಿಲ್ಲಿಸ್ತೀವಿ." ಈ ಮಾತು ಯಾರ ಬಾಯಿಂದ ಬಂದರೂ ಅಲ್ಲಿಂದಲೇ ವಾಪಸ್ ಬನ್ನಿ. ಯಾಕೆ ಅಂತ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಬ್ಯಾಲೆ ಅಂದಕೂಡಲೇ ಎಲ್ಲರ ಕಣ್ಣಿಗೂ ಬರುವುದು ಕಾಲ್ಬೆರಳ ತುದಿಯ ಮೇಲೆ ನಿಂತ ಹುಡುಗಿಯ ಚಿತ್ರ; ಹಾಗೆ ನಿಲ್ಲುವುದಕ್ಕೇ ಪಾಯಿಂಟ್ ಅನ್ನುವುದು. ಈ ಆಸೆಯನ್ನೇ ಇಂಥ ಸ್ಟುಡಿಯೋಗಳು ಮಾರುವುದು.

ಪಾಯಿಂಟ್ ಶೂ ಕೈಯಲ್ಲಿ ಹಿಡಿದು ನೋಡಿದರೆ ಅದರ ಗಡಸುತನ ಗೊತ್ತಾಗುತ್ತದೆ. ಮುಂಭಾಗ ಬಟ್ಟೆ, ಕಾಗದದ ಪದರಗಳಿಗೆ ಅಂಟು ಹಾಕಿ ಗಟ್ಟಿ ಮಾಡಿದ ಡಬ್ಬಿ, ಅಡಿಯಲ್ಲಿ ಬಗ್ಗಿಸಲು ಬಲ ಬೇಕಾಗುವ ಪಟ್ಟಿ. ಹೊರಗೆ ಸ್ಯಾಟಿನ್ ಮಿನುಗುತ್ತಿರುತ್ತದೆ. ಆ ಡಬ್ಬಿಯ ತುದಿಯಲ್ಲಿರುವ ಪುಟ್ಟ ಚಪ್ಪಟೆ ಜಾಗದ ಮೇಲೆ ಇಡೀ ಮೈಭಾರ ಬೀಳುತ್ತದೆ. ಅದನ್ನು ಹೊರಬೇಕಾದದ್ದು ಶೂ ಅಲ್ಲ. ಪಾದದ ಸಣ್ಣ ಸ್ನಾಯುಗಳು, ಕಣಕಾಲು, ಮೀನಖಂಡ, ಸೊಂಟ, ಹೊಟ್ಟೆ. ಇವು ಗಟ್ಟಿಯಾಗಿಲ್ಲದಿದ್ದರೆ ಮಗು ಶೂ ಒಳಗೇ ಕುಸಿದು ಕೂರುತ್ತದೆ, ಭಾರವೆಲ್ಲ ಬೆರಳಿನ ಗೆಣ್ಣು ಮತ್ತು ಉಗುರಿನ ಮೇಲೆ. ಜೊತೆಗೆ ಈ ವಯಸ್ಸಿನಲ್ಲಿ ಮೂಳೆ ಇನ್ನೂ ಬೆಳೆಯುತ್ತಿರುತ್ತದೆ. ಡಾಕ್ಟರುಗಳು ಗ್ರೋತ್ ಪ್ಲೇಟ್ ಅನ್ನುವ ಮೆದು ಪದರ ಪಾದದ ಮೂಳೆಗಳಲ್ಲಿ ಇನ್ನೂ ಗಟ್ಟಿಯಾಗಿರುವುದಿಲ್ಲ.

ಇದು ಬರೀ ನನ್ನ ಅಭಿಪ್ರಾಯ ಅಲ್ಲ. ನೃತ್ಯಗಾರರ ಆರೋಗ್ಯದ ಬಗ್ಗೆಯೇ ಕೆಲಸ ಮಾಡುವ ಇಂಟರ್‌ನ್ಯಾಷನಲ್ ಅಸೋಸಿಯೇಷನ್ ಫಾರ್ ಡ್ಯಾನ್ಸ್ ಮೆಡಿಸಿನ್ ಅಂಡ್ ಸೈನ್ಸ್ ಪಾಯಿಂಟ್ ಶುರು ಮಾಡುವ ಬಗ್ಗೆ ಮಾರ್ಗಸೂಚಿ ಕೊಟ್ಟಿದೆ. 12 ವರ್ಷಕ್ಕಿಂತ ಮೊದಲು ಬೇಡ. ವಾರಕ್ಕೆ ಒಂದೇ ಕ್ಲಾಸ್ ಇದ್ದರೆ ಪಾಯಿಂಟ್ ಬೇಡವೇ ಬೇಡ. ವಾರಕ್ಕೆ ಎರಡು ಕ್ಲಾಸ್ ಇದ್ದು ಕಾಲು, ಸೊಂಟ ಎಲ್ಲ ಸರಿಯಿದ್ದರೆ ಅಭ್ಯಾಸದ ನಾಲ್ಕನೇ ವರ್ಷದಲ್ಲಿ ಶುರು ಮಾಡಬಹುದು. ಕಣಕಾಲು, ಪಾದ ತೀರಾ ಸಡಿಲ ಇರುವ ಮಕ್ಕಳಿಗೆ ಇನ್ನೂ ತಡ ಮಾಡಬೇಕು. 12 ಆದ ತಕ್ಷಣ ಹಾಕಿಸಿ ಅಂತಲೂ ಅದರ ಅರ್ಥವಲ್ಲ, ಶಕ್ತಿ ಬಂದಿದೆಯೋ ಇಲ್ಲವೋ ನೋಡಿಯೇ ತೀರ್ಮಾನಿಸಬೇಕು. ನನ್ನ ಮಗಳು ಹೋಗುತ್ತಿದ್ದದ್ದು ಶನಿವಾರ ಮಾತ್ರ. ವಯಸ್ಸು ಆಗಲೇ ಹೇಳಿದ್ದೇನೆ.

ಶೂ ತಂದದ್ದೂ ಸ್ಟುಡಿಯೋದವರೇ. ಎಲ್ಲ ಮಕ್ಕಳಿಗೂ ಒಟ್ಟಿಗೆ ತರಿಸಿ, ಪಾದದ ಉದ್ದ ಮಾತ್ರ ನೋಡಿ ಹಂಚಿದರು. "ಬೆಳೆಯೋ ಕಾಲು, ಒಂದು ಸೈಜ್ ದೊಡ್ಡದೇ ಇರಲಿ" ಅಂದರು. ಸ್ಕೂಲ್ ಶೂಗೆ ಸರಿಹೋಗುವ ಈ ಲೆಕ್ಕ ಪಾಯಿಂಟ್ ಶೂಗೆ ಅಪಾಯ. ಸಡಿಲವಾದರೆ ಪಾದ ಒಳಗೆ ಜಾರಿ ಬೆರಳು ನೆಲಕ್ಕೆ ಕುಟ್ಟುತ್ತದೆ. ಖಾಲಿ ಜಾಗಕ್ಕೆ ಹತ್ತಿ ತುರುಕಿ ಕೊಟ್ಟಿದ್ದರು. ಒಂದು ಶನಿವಾರ ಮನೆಗೆ ಬಂದವಳು ಕಾಲುಚೀಲ ಬಿಚ್ಚಲೇ ಒಲ್ಲೆ ಅಂದಳು. ಉಗುರುಬೆಚ್ಚಗಿನ ನೀರಲ್ಲಿ ಕಾಲು ನೆನೆಸಿ ಮೆಲ್ಲಗೆ ಬಿಡಿಸಿದೆ. ಹತ್ತಿ ರಕ್ತಕ್ಕೆ ಅಂಟಿ ಉಗುರಿನ ಅಂಚಿನಲ್ಲಿ ಕೂತಿತ್ತು. "ಅಮ್ಮಾ, ಮಿಸ್‌ಗೆ ಹೇಳಬೇಡ, ನನ್ನನ್ನ ಹಿಂದಿನ ಸಾಲಿಗೆ ಹಾಕ್ತಾರೆ" ಅಂದಳು. ಉಗುರಿಗಿಂತ ಆ ಮಾತು ನನಗೆ ಹೆಚ್ಚು ಸಂಕಟ ಕೊಟ್ಟಿತು.

ನಾನು ಹೇಳಿಯೇ ಹೇಳಿದೆ. ಬಂದ ಉತ್ತರ: "ಬ್ಯಾಲೆ ಅಂದ್ಮೇಲೆ ನೋವು ಇದ್ದೇ ಇರುತ್ತೆ. ನೀವೇ ಮುದ್ದು ಮಾಡಿ ಹಾಳು ಮಾಡ್ತಿದ್ದೀರಿ." ಮೈ ದಣಿದು ನೋಯುವುದಕ್ಕೂ ಕೀಲು, ಮೂಳೆ ನೋಯುವುದಕ್ಕೂ ವ್ಯತ್ಯಾಸ ತಿಳಿಯದವರ ಕೈಗೆ ಮಕ್ಕಳ ಕಾಲು ಕೊಡಬಾರದು. ಮೂಳೆ ಡಾಕ್ಟರು ಎಕ್ಸ್‌ರೇ ತೆಗೆಸಿ ಎಲ್ಲೂ ಮುರಿದಿಲ್ಲ ಅಂದರು. ಹಿಮ್ಮಡಿಯ ಬೆಳೆಯುವ ಭಾಗಕ್ಕೆ ಪದೇಪದೇ ಏಟು, ಎಳೆತ ಬಿದ್ದು ಕೆರಳಿದೆ, ಕುಣಿತ, ಜಿಗಿತ ಪೂರ್ತಿ ನಿಲ್ಲಿಸಿ ಅಂದರು.

ಆಮೇಲೆ ಫಿಸಿಯೋಥೆರಪಿಸ್ಟ್ ಮಗಳನ್ನು ನಿಲ್ಲಿಸಿ "ಫಸ್ಟ್ ಪೊಸಿಷನ್ ತೋರಿಸು" ಅಂದಾಗ ಇನ್ನೊಂದು ವಿಷಯ ಹೊರಬಿತ್ತು. ಹಿಮ್ಮಡಿ ಕೂಡಿಸಿ ಎರಡೂ ಪಾದ ಪಕ್ಕಕ್ಕೆ ತಿರುಗಿಸಿ ಒಂದೇ ಗೆರೆಯಲ್ಲಿಟ್ಟಳು. ನೋಡಲು ಚೆಂದ. ಆದರೆ ಮಂಡಿ ಮುಂದಕ್ಕೇ ನೋಡುತ್ತಿತ್ತು, ಪಾದದ ಒಳಬದಿಯ ಕಮಾನು ನೆಲಕ್ಕೆ ಬಿದ್ದಿತ್ತು. ಹೀಗೆ ಕಾಲನ್ನು ಹೊರಕ್ಕೆ ತಿರುಗಿಸುವ ಟರ್ನ್‌ಔಟ್ ಹುಟ್ಟಬೇಕಾದದ್ದು ಸೊಂಟದ ಕೀಲಿನಲ್ಲಿ, ತೊಡೆಮೂಳೆ ಹೊರಕ್ಕೆ ತಿರುಗುವುದರಿಂದ. ಅದು ಎಷ್ಟು ತಿರುಗುತ್ತದೆ ಅನ್ನುವುದು ಪ್ರತಿ ಮಗುವಿನ ಮೂಳೆಯ ಆಕಾರದ ಮೇಲಿದೆ. ಅಷ್ಟು ತಿರುಗದ ಮಗುವಿನ ಪಾದವನ್ನು ಬಗ್ಗಿ ಹಿಡಿದು ತಿರುಚಿದರೆ ಆ ತಿರುಚು ಮಂಡಿಗೆ, ಕಣಕಾಲಿಗೆ ಹೋಗುತ್ತದೆ. ಅಲ್ಲಿ ಮಾಡುತ್ತಿದ್ದದ್ದು ಅದನ್ನೇ, ಮಕ್ಕಳ ಪಾದ ಹಿಡಿದು ಟೈಲ್ಸ್ ಗೆರೆಗೆ ಕೂಡಿಸುವುದು. ನೀವೇ ಪರೀಕ್ಷಿಸಬಹುದು: ಪ್ಲಿಯೇ ಮಾಡುವಾಗ, ಅಂದರೆ ಮಂಡಿ ಬಗ್ಗಿಸುವಾಗ, ಮಂಡಿ ಪಾದದ ಬೆರಳುಗಳ ನೇರಕ್ಕೇ ಹೋಗಬೇಕು. ಒಳಕ್ಕೆ ವಾಲಿದರೆ ಟರ್ನ್‌ಔಟ್ ಬಲವಂತದ್ದು.

ಟೈಲ್ಸ್ ಅಂದೆನಲ್ಲ, ಅದೂ ಸಮಸ್ಯೆಯೇ. ಸಿಮೆಂಟ್ ನೆಲಕ್ಕೆ ನೇರವಾಗಿ ಅಂಟಿಸಿದ ಟೈಲ್ಸ್ ಮೇಲೆ ಜಿಗಿದರೆ ಏಟೆಲ್ಲ ಕಾಲಿಗೇ ವಾಪಸ್. ಬ್ಯಾಲೆಗೆ ಬೇಕಾದದ್ದು ಅಡಿಯಲ್ಲಿ ಸ್ವಲ್ಪ ಸ್ಥಿತಿಸ್ಥಾಪಕತೆ ಇರುವ ಮರದ ಸ್ಪ್ರಂಗ್ ಫ್ಲೋರ್, ಅದರ ಮೇಲೆ ಜಾರದ ವಿನೈಲ್ ಹಾಸು. ಟೈಲ್ಸ್ ಮೇಲೆ ಬರೀ ವಿನೈಲ್ ಹಾಸಿ ಬ್ಯಾಲೆ ಫ್ಲೋರ್ ಅಂದರೆ ನಂಬಬೇಡಿ. ಸೇರುವ ಮುಂಚೆ ಚಪ್ಪಲಿ ಬಿಟ್ಟು ಹಿಮ್ಮಡಿಯಿಂದ ಒಮ್ಮೆ ಕುಟ್ಟಿ ನೋಡಿ, ಗೊತ್ತಾಗುತ್ತದೆ.

ದುಡ್ಡಿನ ವಿಷಯ ಬೇಗ ಮುಗಿಸುತ್ತೇನೆ. ವರ್ಷದ ಫೀಸ್ ಮುಂಗಡ, ವಾಪಸ್ ಇಲ್ಲ ಅಂತ ರಸೀದಿಯ ಹಿಂದೆ ಸಣ್ಣ ಅಕ್ಷರದಲ್ಲಿತ್ತು. ಡಾಕ್ಟರ ಚೀಟಿ ತೋರಿಸಿದರೂ ಒಂದು ಪೈಸೆ ಕೊಡಲಿಲ್ಲ. ತಿಂಗಳ ಲೆಕ್ಕದಲ್ಲಿ ಕಟ್ಟಲು ಬಿಡುವ ಜಾಗ ಹುಡುಕಿ.

ಅದಕ್ಕಿಂತ ದೊಡ್ಡದು, ಕ್ಲಾಸ್ ನೋಡಲು ಬಿಡದೇ ಇದ್ದದ್ದು. ಮಕ್ಕಳ ಗಮನ ಹೋಗುತ್ತೆ ಅಂತ ಕಿಟಕಿಗೆ ಕಾಗದ ಅಂಟಿಸಿದ್ದರು. ದಿನವೂ ಅಲ್ಲದಿದ್ದರೂ ಆಗಾಗ ಕೂತು ನೋಡಲು ಅವಕಾಶ ಇರಲೇಬೇಕು. ಮಗು ಸ್ಪ್ಲಿಟ್ ಮಾಡುವಾಗ ಯಾರಾದರೂ ಬೆನ್ನ ಮೇಲೆ, ತೊಡೆ ಮೇಲೆ ಭಾರ ಹಾಕಿ ಒತ್ತಿದರೆ ಅಂದೇ ಬಿಡಿಸಿ. ಟೀಚರ್ ಎಲ್ಲಿ, ಎಷ್ಟು ವರ್ಷ, ಯಾವ ಪದ್ಧತಿಯಲ್ಲಿ ಕಲಿತವರು ಅಂತ ಸಂಕೋಚ ಪಡದೆ ಕೇಳಿ. ವಗಾನೋವಾ, ಚೆಕೆಟ್ಟಿ, ಲಂಡನ್ನಿನಲ್ಲಿ 1920ರಲ್ಲಿ ಶುರುವಾದ ರಾಯಲ್ ಅಕಾಡೆಮಿ ಆಫ್ ಡ್ಯಾನ್ಸ್, ಹೀಗೆ ಹಂತಹಂತವಾಗಿ ಕಲಿಸುವ ಪದ್ಧತಿಗಳಿವೆ. ಅಕಾಡೆಮಿಯ ಹೆಸರು ಹೇಳಿದರೆ ನೋಂದಾಯಿತ ಶಿಕ್ಷಕರೋ ಅಂತ ಅದರ ವೆಬ್‌ಸೈಟಿನಲ್ಲೇ ಹುಡುಕಿ ನೋಡಬಹುದು. ನಮ್ಮಲ್ಲಿ ಗೋಡೆಗೆ ತೂಗುಹಾಕಿದ್ದ ಸರ್ಟಿಫಿಕೇಟುಗಳನ್ನು ಹತ್ತಿರ ಹೋಗಿ ಓದಿದರೆ ಹೆಚ್ಚಿನವು ವರ್ಕ್‌ಶಾಪಿಗೆ ಹಾಜರಾದದ್ದಕ್ಕೆ ಕೊಟ್ಟವು.

ಮಗಳು ಈಗ ಬೇರೆ ಟೀಚರ್ ಹತ್ತಿರ ಮೆದು ಶೂ ಹಾಕಿಕೊಂಡು ಮೊದಲಿನಿಂದ ಶುರು ಮಾಡಿದ್ದಾಳೆ. ಪಾಯಿಂಟ್ ಯಾವಾಗ ಅಂತ ಕೇಳಿದ್ದಕ್ಕೆ ಅವರು, ಒಂಟಿ ಕಾಲಲ್ಲಿ ಬಾರ್, ಅಂದರೆ ಆಸರೆಯ ಕಂಬಿ, ಹಿಡಿಯದೆ ಹಿಮ್ಮಡಿ ಎತ್ತಿ ಇಳಿಸುವುದನ್ನು ಅಲುಗಾಡದೆ ಮತ್ತೆ ಮತ್ತೆ ಮಾಡಲಿ, ಆ ಮಾತು ಆಮೇಲೆ ನೋಡೋಣ ಅಂದರು.

ನಿಮ್ಮ ಮಗು ಈಗಾಗಲೇ ಇಂಥ ಕ್ಲಾಸಿಗೆ ಹೋಗುತ್ತಿದ್ದರೆ ಇವತ್ತು ರಾತ್ರಿಯೇ ಕಾಲುಚೀಲ ಬಿಚ್ಚಿಸಿ ಉಗುರು, ಬೆರಳಿನ ಗೆಣ್ಣು, ಹಿಮ್ಮಡಿ ಒತ್ತಿ ನೋಡಿ. ನೋವು ಅಂದರೆ ಪಾಯಿಂಟ್ ಶೂ ಎತ್ತಿಡಿ, ಡಾಕ್ಟರ ಹತ್ತಿರ ಹೋಗುವಾಗ ಆ ಶೂ ಜೊತೆಗೆ ಒಯ್ಯಿರಿ.