‘ಮೌಸಮ್’ ಆ್ಯಪ್: ಮುಂಬೈ, ಪುಣೆ, ಗೋವಾದವರಿಗೆ ಎಷ್ಟು ಉಪಯೋಗ?

ಹವಾಮಾನ ಇಲಾಖೆಯ ‘ಮೌಸಮ್’ ಆ್ಯಪ್ ಬಂದದ್ದು 2020ರಲ್ಲಿ. ಪುಕ್ಕಟೆ. ಆದರೆ ತೆರೆದ ಕೂಡಲೇ ಕಾಣುವ ಮೋಡದ ಚಿತ್ರವನ್ನೇ ನಂಬಿಕೊಂಡು ಹೊರಟರೆ ಕೆಟ್ಟಿರಿ. ಜುಲೈಯಲ್ಲಿ ಮುಂಬೈ, ಪುಣೆ, ಪಣಜಿ ಮೂರಕ್ಕೂ ಹೆಚ್ಚುಕಡಿಮೆ ಅದೇ ಮೋಡ, ಅದೇ ಹನಿ. ಸುರಿಯುವ ಮಳೆ ಮಾತ್ರ ಬೇರೆ ಬೇರೆ.

ಆ್ಯಪ್ ಇಟ್ಟುಕೊಳ್ಳಬೇಕಾದದ್ದು ಜಿಲ್ಲಾವಾರು ಎಚ್ಚರಿಕೆಗಾಗಿ. 24 ಗಂಟೆಯಲ್ಲಿ 64.5ರಿಂದ 115.5 ಮಿ.ಮೀ. ಬಿದ್ದರೆ ಭಾರಿ ಮಳೆ, 204.4ರವರೆಗೆ ಅತಿ ಭಾರಿ, ಅದಕ್ಕೂ ಮೇಲೆ ಹೋದರೆ ಅತ್ಯಂತ ಭಾರಿ. ಎಚ್ಚರಿಕೆಯ ಮಟ್ಟ ಹೇಳುವ ಹಳದಿ, ಕಿತ್ತಳೆ, ಕೆಂಪು ಬಣ್ಣದ ಜೊತೆಗಿರುವ ವಾಕ್ಯವನ್ನೂ ಓದಿ. ‘ಒಂದೆರಡು ಕಡೆ’ ಎಂದಿದ್ದರೆ ಆ ಪ್ರದೇಶದ ಮಳೆಮಾಪನ ಕೇಂದ್ರಗಳಲ್ಲಿ ಕಾಲುಭಾಗಕ್ಕಿಂತ ಹೆಚ್ಚಿನ ಕಡೆ ನಿರೀಕ್ಷೆ ಇಲ್ಲ ಎಂದರ್ಥ. ಪುಣೆ ಜಿಲ್ಲೆಗೆ ಕಿತ್ತಳೆ ಬಣ್ಣ ಬಂದಾಗ ‘ಘಟ್ಟ ಪ್ರದೇಶ’ ಎಂಬ ಮಾತು ಇದೆಯೇ ನೋಡಿ. ಲೋಣಾವಳ ಮುಳುಗುವಂತೆ ಸುರಿಯುತ್ತಿದ್ದರೂ ಅದೇ ಜಿಲ್ಲೆಯ ಬಾರಾಮತಿಯಲ್ಲಿ ನೆಲ ಒದ್ದೆಯಾಗದಿರಬಹುದು. ಘಟ್ಟ ಹತ್ತುವಾಗಲೇ ಗಾಳಿ ತನ್ನ ನೀರನ್ನೆಲ್ಲ ಇಳಿಸಿಬಿಟ್ಟಿರುತ್ತದೆ.

ನಿನ್ನೆಯ ಮಳೆಯ ಲೆಕ್ಕ ಬೆಳಿಗ್ಗೆ 8:30ರಿಂದ ಮರುದಿನದ 8:30ರವರೆಗೆ. ಲೋಕಲ್ ಹತ್ತುವ ಹೊತ್ತಿಗೆ, 9ಕ್ಕೆ ಸುರಿದದ್ದು ನಾಳೆಯ ಅಂಕಿಗೆ ಸೇರುತ್ತದೆ. ಕೇಂದ್ರದ ಹೆಸರನ್ನೂ ಗಮನಿಸಬೇಕು: 2005ರ ಜುಲೈ 26ರ ಮಳೆಯಲ್ಲಿ ಸಾಂತಾಕ್ರೂಜ್ ಕೇಂದ್ರ 944 ಮಿ.ಮೀ. ಅಳೆದಿತ್ತು, ಕೊಲಾಬಾ 80ನ್ನೂ ಮುಟ್ಟಲಿಲ್ಲ. ‘ಮುಂಬೈ’ ಎಂಬ ಒಂದೇ ಅಂಕಿಗೆ ಅರ್ಥವಿಲ್ಲ.

ಬೇಸಿಗೆಗೆ ನೋಡಬೇಕಾದದ್ದು ಗಾಳಿಯ ದಿಕ್ಕು. ಮಾರ್ಚ್‌ನಲ್ಲಿ ಮುಂಬೈಯ ಬಿಸಿಲು ಏರುವುದೂ ನಿಲ್ಲುವುದೂ ಕಡಲ ಗಾಳಿ ಎಷ್ಟು ಹೊತ್ತಿಗೆ ಬೀಸುತ್ತದೆ ಎಂಬುದರ ಮೇಲೆ. ಪೂರ್ವದ ಒಣ ಗಾಳಿ ಮಧ್ಯಾಹ್ನವೂ ಬಿಡದಿದ್ದರೆ ಉಷ್ಣಾಂಶ ಸರ್ರನೆ ಮೇಲೇರುತ್ತದೆ. ಬಿಸಿಗಾಳಿ ಘೋಷಣೆಗೆ ಕರಾವಳಿಯಲ್ಲಿ 37 ಡಿಗ್ರಿ ಮುಟ್ಟಿರಬೇಕು, ಬಯಲಿನಲ್ಲಿ 40. ಅದರ ಜೊತೆಗೆ ವಾಡಿಕೆಗಿಂತ 4.5 ಡಿಗ್ರಿಯಾದರೂ ಹೆಚ್ಚಿರಬೇಕು. ಟೆರೇಸಿನಲ್ಲಿ ಸಂಡಿಗೆ ಹಾಕುವವರಿಗೂ ಇದೇ ಪುಟ ಸಾಕು. ಗಾಳಿ ಪೂರ್ವದ್ದಿರುವಾಗ, ಬೆಳಿಗ್ಗೆ ಬೇಗ ಹರಡಿ. ಪಶ್ಚಿಮಕ್ಕೆ ತಿರುಗಿ ತೇವಾಂಶ ಏರತೊಡಗಿದರೆ ಬಟ್ಟೆ ಸಮೇತ ಒಳಗೆ ತನ್ನಿ, ಇಲ್ಲವಾದರೆ ಅಂಚು ಒಣಗಿ ನಡುವೆ ಮೆತ್ತಗೇ ಉಳಿಯುತ್ತದೆ. ಗೋವಾದಲ್ಲೂ ಇದೇ ಕಥೆ. ಪುಣೆಯವರಿಗೆ ಈ ತಾಪತ್ರಯ ಕಡಿಮೆ, ಅಲ್ಲಿ ಏಪ್ರಿಲ್ ಮಧ್ಯಾಹ್ನ ಹಪ್ಪಳದಷ್ಟೇ ಒಣ.

ಪುಣೆಯವರ ತಾಪತ್ರಯ ಏಪ್ರಿಲ್–ಮೇ ತಿಂಗಳ ಸಂಜೆಯ ಗುಡುಗು. ಬೆಳಿಗ್ಗೆ ಆಕಾಶ ಶುಭ್ರ, ಮಧ್ಯಾಹ್ನದ ಮೇಲೆ ಮೋಡ ಗೋಪುರದಂತೆ ಏಳುತ್ತದೆ. ಕಾತ್ರಜದಲ್ಲಿ ಧೋ ಎಂದು ಸುರಿಯುವಾಗ ಶಿವಾಜಿನಗರ ಒಣಗಿರಬಹುದು. ಇದನ್ನು ಮುಂಜಾನೆಯ ಮುನ್ಸೂಚನೆ ಬಡಾವಣೆ ಹಿಡಿದು ಹೇಳಲಾರದು. ಮುಂದಿನ 3 ಗಂಟೆಯ ಮುನ್ಸೂಚನೆಯಾದ ‘ನೌಕಾಸ್ಟ್’ ನೋಡಿ, ಅದೂ ಮಧ್ಯಾಹ್ನ ಎರಡರ ನಂತರ.

ಆ್ಯಪ್‌ನ ರೇಡಾರ್ ಚಿತ್ರಕ್ಕೆ ನನ್ನಿಂದ ಪೂರ್ತಿ ಅಂಕ, ಒಂದು ಷರತ್ತಿನ ಮೇಲೆ. ಬಣ್ಣದ ಪಟ್ಟಿಯಲ್ಲಿ 20 ಡಿಬಿಝಡ್ (ಮಳೆಹನಿಗೆ ತಾಗಿ ಮರಳುವ ರೇಡಾರ್ ಅಲೆಯ ಬಲದ ಅಳತೆ) ಆಸುಪಾಸು ತುಂತುರು, 40 ದಾಟಿದರೆ ಜೋರು ಮಳೆ, 50ರ ಮೇಲೆ ಗುಡುಗು, ಕೆಲವೊಮ್ಮೆ ಆಲಿಕಲ್ಲು. ಸಮಯ ಯುಟಿಸಿಯಲ್ಲಿದ್ದರೆ, ಅಂದರೆ ಅಂತರರಾಷ್ಟ್ರೀಯ ಪ್ರಮಾಣ ಸಮಯದಲ್ಲಿದ್ದರೆ, ಐದೂವರೆ ಗಂಟೆ ಕೂಡಿಸಿಕೊಳ್ಳಿ. ಇದನ್ನು ಮರೆತವರೇ ‘ಹಳೇ ಚಿತ್ರ’ ಎಂದು ಬೈಯುವುದು. ಒಂದೇ ಚಿತ್ರ ಸಾಲದು, ಮೋಡದ ಸಾಲು ಯಾವ ಕಡೆ ಸರಿಯುತ್ತಿದೆ ಎಂದು ತಿಳಿಯಲು ಎರಡು ಮೂರನ್ನು ಹೋಲಿಸಬೇಕು. ಇನ್ನು ಷರತ್ತು: ಮುಂಬೈ ರೇಡಾರ್‌ನಿಂದ ಪುಣೆಯ ಮಳೆ ಅಳೆಯಬೇಡಿ. ಅಷ್ಟು ದೂರ ಹೋಗುವಷ್ಟರಲ್ಲಿ ಕಿರಣ ಸಮುದ್ರ ಮಟ್ಟದಿಂದ ಸುಮಾರು 2 ಕಿ.ಮೀ. ಮೇಲೇರಿರುತ್ತದೆ, ಅದಕ್ಕಿಂತ ಕೆಳಗಿನದನ್ನು ಘಟ್ಟ ಅಡ್ಡಗಟ್ಟುತ್ತದೆ. ಮುಂಗಾರಿನ ತಗ್ಗು ಮೋಡದ ಜಿಟಿಜಿಟಿ ಪುಣೆಯಲ್ಲಿ ದಿನವಿಡೀ ಹಿಡಿದರೂ ಚಿತ್ರದಲ್ಲಿ ಖಾಲಿ ಜಾಗ ಕಾಣಬಹುದು.

ಸಿಡಿಲಿನ ವಿಚಾರಕ್ಕೆ ‘ಮೌಸಮ್’ ಒಂದರ ಮೇಲೇ ಭಾರ ಹಾಕಬೇಡಿ. ಪುಣೆಯ ಹವಾಮಾನ ಸಂಶೋಧನಾ ಸಂಸ್ಥೆ ಐಐಟಿಎಂ ಸಿದ್ಧಪಡಿಸಿದ ‘ದಾಮಿನಿ’ ಆ್ಯಪ್ ಅನ್ನೂ ಹಾಕಿಕೊಳ್ಳಿ. ನೀವಿರುವ ಜಾಗದ 20ರಿಂದ 40 ಕಿ.ಮೀ. ವ್ಯಾಪ್ತಿಯ ಮಿಂಚನ್ನು ಅದು ತೋರಿಸುತ್ತದೆ. ಜಿಪಿಎಸ್ ಆಫ್ ಇದ್ದರೆ ಕೆಲಸಕ್ಕೆ ಬಾರದು.