ಯೂನಿಫಾರಂ ಕೊಳ್ಳುವ ಮುಂಚೆ ಒಳಮಗ್ಗುಲು ತಿರುಗಿಸಿ ನೋಡಿ: ಮೇ ಕೊನೆಯಲ್ಲಿ ಕೊಂಡ ಆರು ಜೊತೆ ದಸರೆಗೆ ಮುಂಚೆ ಹಾಳಾದ ಬಗೆ

ಸಕಲೇಶಪುರದ ಕಡೆಯ ಒಂದು ಮನೆ. ಮಗಳು ಒಂದನೇ ಕ್ಲಾಸು, ಮಗ ನಾಲ್ಕನೇ ಕ್ಲಾಸು. ಶಾಲೆ ಶುರುವಾಗಲು ನಾಲ್ಕು ದಿನ ಇದ್ದಾಗ ಹಾಸನಕ್ಕೆ ಬಂದು, ಒಂದೇ ಅಂಗಡಿಯಲ್ಲಿ, ಒಬ್ಬೊಬ್ಬರಿಗೆ ಮೂರು ಜೊತೆಯಂತೆ ರೆಡಿಮೇಡ್ ಯೂನಿಫಾರಂ ಕೊಂಡರು. ಮಗಳಿಗೆ ಶರ್ಟಿನ ಮೇಲೆ ಹಾಕುವ ತೋಳಿಲ್ಲದ ಮರೂನ್ ಪಿನಾಫೋರ್, ಮಗನಿಗೆ ಮರೂನ್ ನಿಕ್ಕರ್, ಇಬ್ಬರಿಗೂ ಬಿಳಿ ಅರ್ಧ ತೋಳಿನ ಶರ್ಟು. ಮೂರು ಜೊತೆ ಒಟ್ಟಿಗೆ ತೆಗೆದುಕೊಂಡರೆ ಕಡಿಮೆ ಎಂದು ಅಂಗಡಿಯವರು ಅಂದರು, "ತಗಳಿ ಅಕ್ಕ, ಟೆರಿಕಾಟು, ಎರಡು ವರ್ಷ ಕಣ್ಣು ಮುಚ್ಕೊಂಡು ಹಾಕಬಹುದು" ಅಂದರು. ಟೆರಿಕಾಟ್ ಎಂದರೆ ಹತ್ತಿ, ಪಾಲಿಯೆಸ್ಟರ್ ಬೆರೆತ ಬಟ್ಟೆ. ಬೆಳೆಯುವ ಮಕ್ಕಳಲ್ಲವೇ ಎಂದು ಎರಡು ಸೈಜು ದೊಡ್ಡದೇ ಕೊಟ್ಟರು. ಬಿಲ್ ಕೇಳಿದ್ದಕ್ಕೆ ಮೊತ್ತ ಬರೆದ ಒಂದು ಚೀಟಿ ಸಿಕ್ಕಿತು.

ದಸರೆ ರಜೆಗೆ ಮುಂಚೆ ಆ ಹನ್ನೆರಡು ಬಟ್ಟೆಯಲ್ಲಿ ಶಾಲೆಗೆ ಹಾಕಿಕೊಂಡು ಹೋಗುವಂತೆ ಉಳಿದದ್ದು ಮೂರು. ಮೋಸದ ಪಾಲು ಎಷ್ಟು, ಒಗೆತದ ತಪ್ಪು ಎಷ್ಟು, ಮಳೆಯ ಪಾಲು ಎಷ್ಟು ಎಂಬುದು ಆ ಬಟ್ಟೆಗಳನ್ನು ಹೊಲಿಗೆ ಮೇಜಿನ ಮೇಲೆ ಹರವಿ ಬಿಚ್ಚಿದಾಗ ಗೊತ್ತಾಯಿತು. ಮುಂದಿನ ಸಾಲಿಗೆ ಕೊಳ್ಳುವವರಿಗೆ ಉಪಯೋಗವಾಗಲಿ ಎಂದು ಒಂದೊಂದಾಗಿ ಬರೆದಿದೆ.

ಮೊದಲು ಪಿನಾಫೋರ್. ಕೊಂಡಾಗ ಉದ್ದ 26 ಇಂಚು. ಎರಡು ಒಗೆತ ಆದಮೇಲೆ ಅಳೆದರೆ 24½. ಎರಡು ಸೈಜು ದೊಡ್ಡದು ಕೊಂಡ ಲಾಭ ಅಲ್ಲೇ ಅರ್ಧ ಹೋಯಿತು. ಕೆಳಗಿನ ಮಡಿಕೆ ಬಿಚ್ಚಿ ಉದ್ದ ಮಾಡೋಣವೆಂದರೆ ಒಳಗೆ ಮಡಚಿದ್ದದ್ದು ಅರ್ಧ ಇಂಚು ಮಾತ್ರ. ಒಳಹೊಲಿಗೆಯಾಚೆ ಉಳಿದ ಬಟ್ಟೆಯಿಂದ ಒಂದೆಳೆ ನೂಲು ಕಿತ್ತು ಬೆಂಕಿಕಡ್ಡಿ ತೋರಿಸಿದರೆ ಕಾಗದದ ಹಾಗೆ ಉರಿದು, ಬೆರಳಲ್ಲಿ ಉಜ್ಜಿದರೆ ಪುಡಿಯಾಗುವ ಬೂದಿ ಉಳಿಯಿತು. ಅಂದರೆ ಅದು ಟೆರಿಕಾಟ್ ಅಲ್ಲ, ಕತ್ತರಿಸುವ ಮುಂಚೆ ನೀರು ಕಾಣದ ಬರೀ ಹತ್ತಿ. ಟೆರಿಕಾಟ್ ಆಗಿದ್ದರೆ ಅರ್ಧ ಉರಿದು ಅರ್ಧ ಕರಗಿ ಅಲ್ಲಲ್ಲಿ ಗಟ್ಟಿ ಗುಳ್ಳೆ ಉಳಿಯುತ್ತದೆ. ಪೂರಾ ಪಾಲಿಯೆಸ್ಟರ್ ಆದರೆ ಕಪ್ಪು ಹೊಗೆ ಬಂದು, ಕರಗಿ, ಕಲ್ಲಿನಂಥ ಕಪ್ಪು ಮಣಿ ಆಗುತ್ತದೆ. ಕರಗಿದ ಎಳೆ ಕೈಗೆ ಅಂಟಿದರೆ ಸುಡುತ್ತದೆ. ಚಿಮುಟದಲ್ಲಿ ಹಿಡಿದು, ತಟ್ಟೆಯ ಮೇಲೆ, ಮಕ್ಕಳಿಂದ ದೂರ ಮಾಡಿ.

ಹತ್ತಿ ಕೆಟ್ಟ ಬಟ್ಟೆಯಲ್ಲ. ಮೈಗೆ ಹಿತ, ಬೆವರು ಹೀರುತ್ತದೆ. ಆದರೆ ಕತ್ತರಿಸುವ ಮುಂಚೆ ನೀರು ಕುಡಿಸಿರಬೇಕು. ಮೊದಲೇ ಕುಗ್ಗಿಸದ ಹತ್ತಿ ಬಟ್ಟೆ ನೂರಕ್ಕೆ ಐದರಿಂದ ಹತ್ತು ಪಾಲು ಕುಗ್ಗುವುದು ಸಾಮಾನ್ಯ. ಹೊಲಿಸುವುದಾದರೆ ಬಟ್ಟೆಯನ್ನು ಬರೀ ನೀರಲ್ಲಿ ರಾತ್ರಿಯಿಡೀ ನೆನೆಸಿ, ಹಿಂಡದೆ ನೆರಳಲ್ಲಿ ಒಣಗಿಸಿ, ಇಸ್ತ್ರಿ ಮಾಡಿ ಆಮೇಲೆ ಟೈಲರಿಗೆ ಕೊಡಿ. ಕೊಳ್ಳುವಾಗಲೇ ಮೀಟರಿಗೆ ಹತ್ತು ಸೆಂಟಿಮೀಟರ್ ಹೆಚ್ಚು ಹಿಡಿಯಿರಿ. ಅಗಲವನ್ನೂ ಕೇಳಿ. 36 ಇಂಚು ಅಗಲದ ಬಟ್ಟೆ ಒಂದೂಕಾಲು ಮೀಟರ್ ಬೇಕಾದ ಕಡೆ 58 ಇಂಚಿನದು ಮುಕ್ಕಾಲು ಮೀಟರಿಗಿಂತ ಸ್ವಲ್ಪ ಹೆಚ್ಚಿದ್ದರೆ ಸಾಕು. ಮೀಟರಿನ ರೇಟು ಮಾತ್ರ ನೋಡಿ ಕಡಿಮೆ ಅಂದುಕೊಂಡವರು ಮೋಸ ಹೋಗುವುದು ಇಲ್ಲೇ.

ಎರಡು ಸೈಜು ದೊಡ್ಡದು ಕೊಳ್ಳುವುದರ ಬಗ್ಗೆ ಒಂದು ಮಾತು. ಐದರಿಂದ ಹತ್ತು ವರ್ಷದ ಮಕ್ಕಳು ವರ್ಷಕ್ಕೆ ಸುಮಾರು 5–6 ಸೆಂಟಿಮೀಟರ್, ಅಂದರೆ ಎರಡು ಎರಡೂಕಾಲು ಇಂಚು ಎತ್ತರ ಬೆಳೆಯುತ್ತಾರೆ. ಅದರಲ್ಲಿ ಪಿನಾಫೋರಿನ ಪಾಲಿಗೆ ಬರುವುದು ಒಂದಿಂಚು, ಹೆಚ್ಚೆಂದರೆ ಒಂದೂವರೆ. ಹಾಗಾಗಿ ಈಗಿನ ಅಳತೆಗೇ ಹೊಲಿಸಿ, ಬೆಳವಣಿಗೆಯನ್ನು ಬಟ್ಟೆಯ ಒಳಗೆ ಮಡಚಿಡಿ: ಕೆಳಗೆ ಮೂರಿಂಚು ಮಡಿಕೆ, ಎರಡೂ ಪಕ್ಕದ ಹೊಲಿಗೆಯಾಚೆ ಒಂದೊಂದು ಇಂಚು, ಭುಜದ ಪಟ್ಟಿಯಲ್ಲಿ ಒಂದಿಂಚು. ನಿಕ್ಕರಿಗಾದರೆ ಕಾಲಿನ ಅಂಚಲ್ಲಿ ಎರಡು ಇಂಚು, ಹಿಂದಿನ ನಡುಹೊಲಿಗೆಯಲ್ಲಿ ಒಂದೂವರೆ. ಸೊಂಟದ ಹಿಂಭಾಗಕ್ಕೆ ಮಾತ್ರ ಎಲಾಸ್ಟಿಕ್ ಹಾಕಿಸಿದರೆ ಮುಂದೆ ನೀಟಾಗಿ ಕಾಣುತ್ತದೆ, ಮಗು ಬೆಳೆದರೂ ಹಿಡಿಸುತ್ತದೆ. ಸೈಜು ದೊಡ್ಡದಾದರೆ ಕುತ್ತಿಗೆ, ಭುಜ, ಸೊಂಟ ಮೂರೂ ಜಾರುತ್ತವೆ. ಮಗು ದಿನವೆಲ್ಲ ಎಳೆದುಕೊಳ್ಳುತ್ತಲೇ ಇರುತ್ತದೆ. ಒಂದನೇ ಕ್ಲಾಸಿನ ಮಗುವಿಗೆ ಅದು ಎಷ್ಟು ಹಿಂಸೆ ಅನ್ನುವುದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಶರ್ಟುಗಳ ಕಥೆ ಬೇರೆ. ಹೊರಗಿಂದ ನೋಡಿದರೆ ಬಿಳಿ ಹೊಳಪು, ಗರಿಗರಿ. ಒಳಮಗ್ಗುಲು ತಿರುಗಿಸಿದರೆ ಕಂಕುಳ ಹೊಲಿಗೆಯಲ್ಲಿ ಇಂಚಿಗೆ ಆರೇ ಹೊಲಿಗೆ. ಶರ್ಟಿಗೆ ಹತ್ತರಿಂದ ಹನ್ನೆರಡು ಇರಬೇಕು. ಹೊಲಿಗೆಯಾಚೆ ಉಳಿದ ಬಟ್ಟೆ ಕಾಲಿಂಚೂ ಇಲ್ಲ. ಅದಕ್ಕೆ ಓವರ್‌ಲಾಕ್ (ಅಂಚಿನ ಎಳೆ ಬಿಚ್ಚದಂತೆ ಹಾಕುವ ಹೊಲಿಗೆ) ಒಂದೇ ಹೊಡೆದಿದ್ದಾರೆ, ಜೊತೆಗೆ ಮಾಮೂಲಿ ಮೆಷಿನ್ ಹೊಲಿಗೆ ಇಲ್ಲ. ಮಗು ಎರಡು ದಿನ ಕೈ ಎತ್ತಿ ಆಡಿದರೆ ಇಂಥ ಕಂಕುಳು ಬಾಯಿ ಬಿಡುತ್ತದೆ. ಎಳೆ ಕಿತ್ತು ಬಂದಿರುವುದರಿಂದ ಮತ್ತೆ ಹೊಲಿಯಲು ಬಟ್ಟೆಯೂ ಸಿಗುವುದಿಲ್ಲ. ಗುಂಡಿಯ ದಾರಕ್ಕೆ ಗಂಟಿಲ್ಲ, ಎಳೆ ಎಳೆದರೆ ಪೂರಾ ಬಿಚ್ಚಿಕೊಂಡು ಬರುತ್ತದೆ. ಕಾಲರಿನ ಒಳಗಿನ ಅಂಟು ಕ್ಯಾನ್ವಾಸು ಬಿಸಿನೀರಿನ ಒಗೆತಕ್ಕೂ ಇಸ್ತ್ರಿಗೂ ಬಿಟ್ಟುಕೊಂಡು ಗುಳ್ಳೆಗುಳ್ಳೆಯಾಗಿತ್ತು. ಇದು ಒಮ್ಮೆ ಎದ್ದರೆ ಮತ್ತೆ ಕೂರುವುದಿಲ್ಲ. ಅಂಗಡಿಯಲ್ಲಿ ನಿಂತಾಗಲೇ ಕಾಲರನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಉಜ್ಜಿ ನೋಡಿ. ಪದರಗಳು ಒಂದರ ಮೇಲೊಂದು ಜಾರಿದರೆ, ಚರಚರ ಸದ್ದು ಬಂದರೆ ಬಿಟ್ಟುಬಿಡಿ.

ಇನ್ನು ಬಣ್ಣ. ಮೊದಲ ದಿನ ಮಳೆಯಲ್ಲಿ ಕೆಸರಾಗಿ ಬಂದ ಎರಡೂ ಜೊತೆಯನ್ನು ಒಂದೇ ಬಕೆಟ್ಟಿಗೆ ಪುಡಿ ಹಾಕಿ ರಾತ್ರಿಯಿಡೀ ನೆನೆಹಾಕಿದರು. ಬೆಳಿಗ್ಗೆ ನೀರು ಬೀಟ್‌ರೂಟ್ ಸಾರಿನ ಹಾಗಿತ್ತು, ಬಿಳಿ ಶರ್ಟೆಲ್ಲ ಗುಲಾಬಿ. ಹೊಸ ಮರೂನ್, ಕಡುನೀಲಿ, ಕಡುಹಸಿರು ಬಟ್ಟೆಯನ್ನು ಬಿಳಿಯ ಜೊತೆ ನೆನೆಸಲೇಬೇಡಿ. ಮೊದಲ ನಾಲ್ಕೈದು ಒಗೆತ ಬೇರೆಯಾಗಿ, ತಣ್ಣೀರಲ್ಲಿ, ಹತ್ತು ನಿಮಿಷಕ್ಕಿಂತ ಹೆಚ್ಚು ನೆನೆಸದೆ ಆಗಲಿ. ಉಪ್ಪು ನೀರಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಎಂದು ಹೇಳುವವರು ಬಹಳ. ಗಿರಣಿಯಲ್ಲಿ ಸರಿಯಾಗಿ ಹಿಡಿಯದ ಬಣ್ಣವನ್ನು ಮನೆಯ ಉಪ್ಪು ಹಿಡಿಸುವುದಿಲ್ಲ. ಕೊಳ್ಳುವ ಮುಂಚೆ ಬಿಳಿ ಕರ್ಚೀಫಿನ ಮೂಲೆ ಒದ್ದೆ ಮಾಡಿ ಒಳಮಡಿಕೆಯ ಮೇಲೆ ಇಪ್ಪತ್ತು ಸಲ ಉಜ್ಜಿ. ಕರ್ಚೀಫಿಗೆ ಬಣ್ಣ ಬಂದರೆ ಬಟ್ಟೆ ಬೇಡ. ಅಂಗಡಿಯವರು ಮುಖ ಸಿಂಡರಿಸಿದರೆ ಸಿಂಡರಿಸಲಿ.

ಶರ್ಟಿಗೆ ಬಣ್ಣ ಹತ್ತಿದ ಮೇಲೆ ಆ ಮನೆಯಲ್ಲಿ ಬ್ಲೀಚಿಂಗ್ ಪೌಡರ್ ಹಾಕಿದರು. ಬೋರ್‌ವೆಲ್ ನೀರು, ಕಬ್ಬಿಣದ ಅಂಶ ಇತ್ತು. ಕ್ಲೋರಿನ್ ಸೇರಿದಾಗ ಆ ಕಬ್ಬಿಣ ತುಕ್ಕಿನ ಬಣ್ಣಕ್ಕೆ ತಿರುಗಿ ಬಟ್ಟೆಗೆ ಹಿಡಿಯಿತು. ಗುಲಾಬಿ ಹೋಗಿ ಹಳದಿ ಬಂತು, ಅಷ್ಟೆ. ಬಣ್ಣ ಹತ್ತಿದ್ದು ಕಂಡ ಕೂಡಲೇ ಮಾಡಬೇಕಾದದ್ದು ಬಟ್ಟೆ ಒಣಗಲು ಬಿಡದಿರುವುದು. ಒಣಗಿಸಬೇಡಿ, ಇಸ್ತ್ರಿ ಮುಟ್ಟಿಸಬೇಡಿ. ಒದ್ದೆ ಇರುವಾಗಲೇ ಹೊಸ ನೀರಲ್ಲಿ ಸೋಪಿನ ಪುಡಿ ಹಾಕಿ ಎರಡು ಮೂರು ಸಲ ಒಗೆಯಿರಿ. ಬಹುಪಾಲು ಬಿಡುತ್ತದೆ.

ನಿಕ್ಕರು ಪೂರಾ ಪಾಲಿಯೆಸ್ಟರ್. ಅದಕ್ಕೆ ಕುಗ್ಗುವ ಭಯವಿಲ್ಲ, ಬಣ್ಣವೂ ಬಿಡಲಿಲ್ಲ. ಅದನ್ನು ಹಾಳು ಮಾಡಿದ್ದು ಬಚ್ಚಲೊಲೆ. ಮಲೆನಾಡಿನ ಜೂನ್, ಜುಲೈನಲ್ಲಿ ಬಟ್ಟೆ ಒಣಗಿಸುವ ಕಷ್ಟ ಗೊತ್ತಿದ್ದವರಿಗೇ ಗೊತ್ತು. ಮೂರು ದಿನ ಗಳದ ಮೇಲೆ ಹಾಕಿದರೂ ಸೊಂಟದ ಪಟ್ಟಿ, ಜೇಬು ಒದ್ದೆಯೇ. ಹಂಡೆ ಒಲೆಯ ಹತ್ತಿರ ನೇತುಹಾಕಿದ ನಿಕ್ಕರು ಒಂದು ಬದಿ ಕರಗಿ, ಕೈಗೆ ಗರಸಾಗಿ, ಗಾಜಿನ ಹಾಗೆ ಹೊಳೆಯತೊಡಗಿತು. ಎರಡನೇ ಜೊತೆ ಅರೆಬರೆ ಒಣಗಿದ್ದನ್ನೇ ಮಡಚಿ ಟ್ರಂಕಿಗೆ ಹಾಕಿದ್ದರಿಂದ ಶರ್ಟಿನ ತುಂಬ ಬೂಷ್ಟಿನ ಕಪ್ಪು ಚುಕ್ಕೆ ಬಂತು. ಎಳೆಯೊಳಕ್ಕೆ ಇಳಿದ ಆ ಚುಕ್ಕೆ ಪೂರ್ತಿ ಹೋಗುವುದಿಲ್ಲ.

ಮಳೆಗಾಲದ ಒಗೆತಕ್ಕೆ ಒಂದು ಕ್ರಮ ಇಟ್ಟುಕೊಳ್ಳಿ. ಶಾಲೆಯಿಂದ ಬಂದ ಕೂಡಲೇ ಒಗೆಯಿರಿ, ರಾತ್ರಿಗೆ ಬಿಡಬೇಡಿ. ಒಗೆದು ಹಿಂಡಿದ ಬಟ್ಟೆಯನ್ನು ಒಣ ಟವೆಲಿನ ಮೇಲೆ ಹರವಿ, ಚಾಪೆಯ ಹಾಗೆ ಸುತ್ತಿ, ಮೇಲೆ ಕಾಲಿಟ್ಟು ಒತ್ತಿ. ಹಿಂಡಿದಾಗ ಹೋಗದ ನೀರು ಟವೆಲಿಗೆ ಬರುತ್ತದೆ. ಆಮೇಲೆ ಒಳಮಗ್ಗುಲು ಹೊರಗೆ ಮಾಡಿ, ಜೇಬು ಈಚೆಗೆ ಎಳೆದು, ಒಂದಕ್ಕೊಂದು ತಾಗದ ಹಾಗೆ ಹ್ಯಾಂಗರಿಗೆ ಹಾಕಿ ಗಾಳಿಯಾಡುವ ಒಳಕೋಣೆಯಲ್ಲಿ ತೂಗುಹಾಕಿ. ಫ್ಯಾನಿದ್ದರೆ ಹಾಕಿ. ಒಲೆಯಿಂದ ನಾಲ್ಕು ಅಡಿಯಾದರೂ ದೂರವಿರಲಿ. ಬೆಳಿಗ್ಗೆ ಉಳಿದ ತೇವಕ್ಕೆ ಒಳಗಿಂದ ಇಸ್ತ್ರಿ ಆಡಿಸಿ, ಪಾಲಿಯೆಸ್ಟರಿಗೆ ಕಡಿಮೆ ಕಾವು. ಇಸ್ತ್ರಿ ಆದ ಬಟ್ಟೆಯನ್ನೂ ಹತ್ತು ನಿಮಿಷ ಆರಲು ಬಿಟ್ಟು ಆಮೇಲೆ ಮಡಚಿ. ಅರಸೀಕೆರೆ ಕಡೆಯ ಬಯಲಿನವರಿಗೆ ಇಷ್ಟು ಪಾಡಿಲ್ಲ, ಅವರ ತೊಂದರೆ ಬಿಸಿಲು: ಗಾಢ ಬಣ್ಣದ ಬಟ್ಟೆಯನ್ನು ನೆರಳಲ್ಲಿ ಒಣಗಿಸದಿದ್ದರೆ ಹೆಗಲ ಮೇಲೆ ಬಣ್ಣ ಮಾಸುತ್ತದೆ.

ಕಲೆಗಳ ವಿಷಯ ಚಿಕ್ಕದಾಗಿ. ಕೆಂಪು ಮಣ್ಣಿನ ಕೆಸರು ಒಣಗಲಿ, ಬ್ರಷ್ಷಿನಿಂದ ಉದುರಿಸಿ, ಆಮೇಲೆ ನೀರು. ಹಸಿಯಲ್ಲೇ ಉಜ್ಜಿದರೆ ಮಣ್ಣು ಎಳೆಯೊಳಕ್ಕೆ ಹೋಗುತ್ತದೆ. ಬಾಲ್‌ಪೆನ್ನಿನ ಗೀರಿಗೆ ಸೋಪು ಹಾಕುವ ಮುಂಚೆ ಅಡಿಯಲ್ಲಿ ಹಳೆ ಬಟ್ಟೆ ಇಟ್ಟು, ಮೆಡಿಕಲ್ ಅಂಗಡಿಯ ಸ್ಪಿರಿಟ್ ಅದ್ದಿದ ಹತ್ತಿಯಿಂದ ಒತ್ತಿ ಒತ್ತಿ ತೆಗೆಯಿರಿ, ಉಜ್ಜಬೇಡಿ. ಸಾರಿನ ಅರಿಶಿನದ ಕಲೆ ಸೋಪು ತಾಗಿದ ಕೂಡಲೇ ಕೆಂಪಾಗುತ್ತದೆ. ಗಾಬರಿ ಬೇಡ, ಒಗೆದು ಬಿಸಿಲಿಗೆ ಹಾಕಿದರೆ ತಾನಾಗಿ ಮಾಸುತ್ತದೆ. ಬಾಳೆಯ ಕರೆ ಮಾತ್ರ ಹೋಗುವುದಿಲ್ಲ, ಯೂನಿಫಾರಂನಲ್ಲಿ ತೋಟಕ್ಕೆ ಬಿಡಬೇಡಿ.

ಆ ತಾಯಿ ಬಟ್ಟೆ ತೆಗೆದುಕೊಂಡು ಅಂಗಡಿಗೆ ವಾಪಸ್ ಹೋದಾಗ ಸಿಕ್ಕಿದ ಉತ್ತರ, "ಮಾರಿದ ಮಾಲು ವಾಪಸ್ ತಗಳಲ್ಲ ಅಕ್ಕ, ಬೋರ್ಡ್ ನೋಡ್ಲಿಲ್ವಾ?" ಶಕ್ತಿ ಯೋಜನೆಯಿಂದ ಬಸ್ಸಿನ ಟಿಕೆಟ್ ಉಳಿದಿರಬಹುದು, ಒಂದು ದಿನದ ಕೂಲಿ ಹೋಯಿತು. ಆ ಬೋರ್ಡಿಗೆ ಹೆದರಬೇಕಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಬಿಲ್ ಕೊಡದಿರುವುದೂ, ದೋಷವಿರುವ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯಲ್ಲಿ, ಅವಧಿ ಬರೆದಿಲ್ಲದಿದ್ದರೆ 30 ದಿನದೊಳಗೆ, ವಾಪಸ್ ತೆಗೆದುಕೊಳ್ಳಲು ಒಪ್ಪದಿರುವುದೂ ಅನುಚಿತ ವ್ಯಾಪಾರ ಪದ್ಧತಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಡಬಹುದು. ಜಿಲ್ಲಾ ಗ್ರಾಹಕರ ಆಯೋಗದಲ್ಲಿ ಐದು ಲಕ್ಷದವರೆಗಿನ ವಸ್ತುವಿನ ದೂರಿಗೆ ಶುಲ್ಕವಿಲ್ಲ. ಆದರೆ ಕೈಯಲ್ಲಿ ಬಿಲ್ ಇರಬೇಕು. ಬಿಲ್ಲಿನಲ್ಲಿ "ಟೆರಿಕಾಟ್" ಎಂದು ಬಟ್ಟೆಯ ಹೆಸರನ್ನೂ ಬರೆಸಿ. ಬಾಯಿಮಾತಿನ ಟೆರಿಕಾಟಿಗೆ ಸಾಕ್ಷಿ ಇಲ್ಲ. ಎರಡು ಒಗೆತದ ಫಲ 30 ದಿನದೊಳಗೆ ಕಾಣಬೇಕಾದ್ದರಿಂದ, ಕೊಂಡ ವಾರದಲ್ಲೇ ಒಂದು ಜೊತೆ ಒಗೆದು ಅಳೆದುಬಿಡಿ.

ಮೂರು ಜೊತೆ ಒಟ್ಟಿಗೆ ಕೊಳ್ಳದಿರಲು ಇದೇ ಕಾರಣ ಸಾಕು. ಮೊದಲು ಒಂದು ಜೊತೆ ತನ್ನಿ, ಎರಡು ಸಲ ಒಗೆದು ನೋಡಿ, ಸರಿಯಿದ್ದರೆ ಇನ್ನೊಂದು. ಬಟ್ಟೆ ಬೇಗ ಒಣಗದ ಊರಿನವರು ಶರ್ಟು ಮಾತ್ರ ಒಂದು ಹೆಚ್ಚು ಇಟ್ಟುಕೊಳ್ಳಿ. ಸರ್ಕಾರಿ ಶಾಲೆಯ 1ರಿಂದ 10ನೇ ತರಗತಿಯ ಮಕ್ಕಳಿಗೆ ವಿದ್ಯಾವಿಕಾಸ ಯೋಜನೆಯಲ್ಲಿ ಸಮವಸ್ತ್ರ ಉಚಿತವಾಗಿ ಬರುತ್ತದೆ. ಬಟ್ಟೆ ಕೈಗೆ ಬಂದರೆ ಅದನ್ನೂ ನೆನೆಸಿ ಒಣಗಿಸಿಯೇ ಹೊಲಿಯಲು ಕೊಡಿ. ಖಾಸಗಿ ಶಾಲೆಯಾದರೆ ಅಣ್ಣನ ಶರ್ಟು ತಮ್ಮನಿಗೆ ಎಂದು ಎತ್ತಿಡುವ ಮುಂಚೆ ಸಮವಸ್ತ್ರ ಬದಲಾಗುತ್ತದೆಯೇ ಎಂದು ವಿಚಾರಿಸಿ. ರಾಜ್ಯದ 1995ರ ನಿಯಮದಂತೆ ಒಮ್ಮೆ ಗೊತ್ತು ಮಾಡಿದ ಸಮವಸ್ತ್ರವನ್ನು ಐದು ವರ್ಷ ಬದಲಾಯಿಸುವಂತಿಲ್ಲ, ಬದಲಾಯಿಸುವುದಾದರೆ ಒಂದು ವರ್ಷ ಮುಂಚೆ ಪೋಷಕರಿಗೆ ನೋಟಿಸ್ ಕೊಡಬೇಕು. ಜೂನ್‌ನಲ್ಲಿ ದಿಢೀರನೆ ಬಣ್ಣ ಬದಲಾಯಿತು ಅಂದರೆ ಆ ನೋಟಿಸ್ ಯಾವಾಗ ಕೊಟ್ಟಿರಿ ಎಂದು ಕೇಳುವ ಹಕ್ಕು ನಿಮಗಿದೆ. ಎತ್ತಿಡುವ ಬಟ್ಟೆಗೆ ಗಂಜಿ ಹಾಕಬೇಡಿ, ಹುಳ ಬೀಳುತ್ತದೆ.

ಆ ಹನ್ನೆರಡರಲ್ಲಿ ಉಳಿದ ಮೂರು ಎಂದರೆ ಎರಡು ನಿಕ್ಕರು, ಒಂದು ಪಿನಾಫೋರ್. ಪಿನಾಫೋರಿನ ಅರ್ಧ ಇಂಚು ಮಡಿಕೆಯನ್ನೂ ಬಿಚ್ಚಿ, ಒಳಗಿನಿಂದ ಅದೇ ಬಣ್ಣದ ಎರಡಿಂಚು ಅಗಲದ ಪಟ್ಟಿ ಕೊಟ್ಟು ಹೊಲಿದು, ಉದ್ದವನ್ನು 25ರ ಹತ್ತಿರಕ್ಕೆ ತರಲಾಯಿತು. ಪಟ್ಟಿಯ ಬಟ್ಟೆ ಸಿಕ್ಕಿದ್ದು ಹಾಳಾದ ಇನ್ನೊಂದು ಪಿನಾಫೋರಿನ ನೆರಿಗೆಯಿಂದ. ಹಳೆ ಮಡಿಕೆ ಇದ್ದ ಕಡೆ ಬಣ್ಣ ಮಾಸದ ಒಂದು ಕಡುಮರೂನ್ ಗೆರೆ ಈಗಲೂ ಕಾಣುತ್ತದೆ. ಮಗು ಅದನ್ನೇ ಹಾಕಿಕೊಂಡು ಹೋಗುತ್ತಿದೆ.