ಕತ್ರಿಗುಪ್ಪೆಯಿಂದ ಮಲ್ಲೇಶ್ವರಕ್ಕೆ: ಸ್ಕೂಟರ್, ಮೆಟ್ರೊ, ಬಸ್ ಪಾಸ್

ಆರು ತಿಂಗಳಿಂದ ಬೆಂಗಳೂರಿನ ನಗರ ಬಸ್ ಸಂಸ್ಥೆ ಬಿಎಂಟಿಸಿಯ ತಿಂಗಳ ಪಾಸ್ ಕೊಳ್ಳುತ್ತಿದ್ದೇನೆ. ಮನೆ ಕತ್ರಿಗುಪ್ಪೆಯಲ್ಲಿ, ಕಚೇರಿ ಮಲ್ಲೇಶ್ವರದಲ್ಲಿ. ಅದಕ್ಕೆ ಮೊದಲು ಎರಡು ವರ್ಷ ಸ್ಕೂಟರ್ ಓಡಿಸಿದೆ, ನಾಲ್ಕು ತಿಂಗಳು ಮೆಟ್ರೊ ಹತ್ತಿದೆ. ಮೂರರ ರುಚಿಯನ್ನೂ ನೋಡಿದ ಮೇಲೆ ಪಾಸ್ ಬಿಡುವ ಮನಸ್ಸು ನನಗಿಲ್ಲ.

ಸ್ಕೂಟರಿನ ಖರ್ಚೆಂದರೆ ಪೆಟ್ರೋಲ್ ಎಂದೇ ಬಹಳ ದಿನ ನಂಬಿದ್ದೆ. ದಿನಕ್ಕೆ 22 ಕಿಲೋಮೀಟರ್, ತಿಂಗಳಿಗೆ 25 ದಿನ. ಸಿಗ್ನಲ್‌ಗಳ ನಡುವೆ ನನ್ನ ಗಾಡಿ ಲೀಟರಿಗೆ 45 ಕೊಡುತ್ತದೆ. ಲೀಟರಿಗೆ 103 ರೂಪಾಯಿಯಂತೆ ಲೆಕ್ಕ ಹಾಕಿದರೆ 1,250 ದಾಟುತ್ತದೆ. ಸಾಮಾನ್ಯ ಬಸ್ಸಿನ ತಿಂಗಳ ಪಾಸ್ 1,200. ವಿಮೆ, ಸರ್ವಿಸ್, ಟೈರ್ ಇನ್ನೂ ಲೆಕ್ಕಕ್ಕೇ ಬಂದಿಲ್ಲ. ಅವು ವರ್ಷಕ್ಕೊಮ್ಮೆ, ಎರಡು ವರ್ಷಕ್ಕೊಮ್ಮೆ ಬರುವುದರಿಂದ ದಿನದ ಓಡಾಟದ ಖರ್ಚೆಂದು ಅನ್ನಿಸುವುದೇ ಇಲ್ಲ. ನಗರದಲ್ಲಿ ಇಷ್ಟೊಂದು ಜನ ಗಾಡಿಗೆ ಅಂಟಿಕೊಂಡಿರುವುದಕ್ಕೆ ಇದೂ ಒಂದು ಕಾರಣ ಎಂದು ನನಗೆ ಅನ್ನಿಸುತ್ತದೆ.

ಮೆಟ್ರೊದ ವೇಗಕ್ಕೆ ಎರಡು ಮಾತಿಲ್ಲ. ಬನಶಂಕರಿಯಲ್ಲಿ ಹತ್ತಿ ಸಂಪಿಗೆ ರಸ್ತೆಯಲ್ಲಿ ಇಳಿಯುವವರೆಗೆ ಒಂದು ಸಿಗ್ನಲ್ ಕಾಟವೂ ಇಲ್ಲ. 2025ರ ಫೆಬ್ರುವರಿಯಲ್ಲಿ ಗರಿಷ್ಠ ದರ 60ರಿಂದ 90 ರೂಪಾಯಿಗೆ ಏರಿದ್ದು ನೋವಿನ ಸಂಗತಿಯೇ. ಆದರೂ ನನ್ನ ದೂರಕ್ಕೆ ಹೋಗಿ ಬರುವ ಟಿಕೆಟ್ ನೂರರೊಳಗೇ ಮುಗಿಯುತ್ತಿತ್ತು. ನನ್ನನ್ನು ಸೋಲಿಸಿದ್ದು ರೈಲಲ್ಲ, ಮನೆಗೂ ನಿಲ್ದಾಣಕ್ಕೂ ನಡುವಿನ ಎರಡೂವರೆ ಕಿಲೋಮೀಟರ್.

ಆಟೊದ ಮೀಟರ್ ದರ ಮೊದಲ ಎರಡು ಕಿಲೋಮೀಟರಿಗೆ 36, ಆಮೇಲೆ ಕಿಲೋಮೀಟರಿಗೆ 18. ಅಂದರೆ ನನ್ನ ಮನೆಗೆ 45 ರೂಪಾಯಿ. ಸಂಜೆ ಏಳೂವರೆಗೆ ಮೆಟ್ಟಿಲಿಳಿದು ಬಂದರೆ ಆ ದರಕ್ಕೆ ಬರುವ ಆಟೊ ನನಗೆ ಸಿಕ್ಕಿದ್ದು ವಾರಕ್ಕೆ ಒಂದೋ ಎರಡೋ ಸಲ. ‘ಎಂಬತ್ತು ಕೊಡಿ’ ಎನ್ನುವಾಗಲೂ ಚಾಲಕನ ಕಣ್ಣು ಹ್ಯಾಂಡಲ್ ಪಕ್ಕ ಸಿಕ್ಕಿಸಿದ ಮೊಬೈಲ್ ಮೇಲೆ. ಒಬ್ಬರು ಬಿಡಿಸಿ ಹೇಳಿದರು: ‘ಅರ್ಧ ಗಂಟೆ ಸಾಲಿನಲ್ಲಿ ನಿಂತಿದ್ದೇನೆ ಸರ್. ನಿಮ್ಮನ್ನು ಬಿಟ್ಟು ಬರುವಷ್ಟರಲ್ಲಿ ಮತ್ತೆ ಕೊನೆಯವನಾಗುತ್ತೇನೆ.’ ಅವರ ಲೆಕ್ಕ ಅವರಿಗೆ ಸರಿಯೇ. ನನ್ನ ಲೆಕ್ಕ ಮಾತ್ರ ತಪ್ಪುತ್ತಿತ್ತು. ಹತ್ತಿರ ಹತ್ತಿರ ಹತ್ತು ಕಿಲೋಮೀಟರ್ ರೈಲಿಗೆ ಕೊಡುವುದಕ್ಕಿಂತ ಈ ಎರಡೂವರೆ ಕಿಲೋಮೀಟರಿಗೆ ಹೆಚ್ಚು ಕೊಡುತ್ತಿದ್ದೆ.

ನಡೆದೂ ನೋಡಿದೆ. ಪಾದಚಾರಿ ಮಾರ್ಗ ಎರಡು ಕಡೆ ಅಗೆದು ಬಿಟ್ಟಿತ್ತು, ಮಳೆ ಬಂದ ದಿನ ಚರಂಡಿ ಯಾವುದು ರಸ್ತೆ ಯಾವುದು ಎಂದು ತಿಳಿಯುತ್ತಿರಲಿಲ್ಲ. ಸಾರಿಗೆಯ ಅರ್ಥಶಾಸ್ತ್ರದಲ್ಲಿ ವಾಹನದೊಳಗೆ ಕುಳಿತ ನಿಮಿಷಕ್ಕಿಂತ ಕಾಯುವ, ನಡೆಯುವ ನಿಮಿಷವನ್ನು ಹೆಚ್ಚು ದುಬಾರಿ ಎಂದು ಎಣಿಸುತ್ತಾರೆ. ಚಪ್ಪಲಿ ಕೈಯಲ್ಲಿ ಹಿಡಿದು ಮನೆ ಸೇರಿದ ಆ ರಾತ್ರಿ ಅದು ನನಗೆ ಪೂರ್ತಿ ಅರ್ಥವಾಯಿತು.

ಬಸ್ ನಿಧಾನ. ಮೆಜೆಸ್ಟಿಕ್‌ನಲ್ಲಿ ಬದಲಾಯಿಸಿ ಕಚೇರಿ ಸೇರಲು ಒಂದು ಗಂಟೆ ಹತ್ತು ನಿಮಿಷ ಬೇಕು. ಸ್ಕೂಟರಿಗಿಂತ ಅರ್ಧ ಗಂಟೆ ಜಾಸ್ತಿ. 2025ರ ಜನವರಿಯಲ್ಲಿ ಪಾಸಿನ ದರವೂ 1,050ರಿಂದ 1,200ಕ್ಕೆ ಏರಿತು. ಆದರೆ ನಿಲ್ದಾಣ ನಮ್ಮ ಬೀದಿಯ ತಿರುವಿನಲ್ಲೇ ಇದೆ. ಎಂಟೂವರೆಗೆ ಬದಲು ಎಂಟು ಗಂಟೆಗೆ ಹೊರಟರೆ ಕೂರಲು ಜಾಗವೂ ಸಿಗುತ್ತದೆ.

ಪಾಸ್ ಬಂದ ಮೇಲೆ ನನ್ನ ಓಡಾಟದ ರೀತಿಯೇ ಬದಲಾಯಿತು. ತಿಂಗಳ ಮೊದಲ ದಿನ ದುಡ್ಡು ಕೊಟ್ಟಾದ ಮೇಲೆ ಮುಂದಿನ ಪ್ರತಿ ಸವಾರಿಯೂ ಪುಕ್ಕಟೆ. ಗುರುವಾರ ಸಂಜೆ ಕೆ.ಆರ್. ಮಾರುಕಟ್ಟೆಯಲ್ಲಿ ಇಳಿದು ಮರುದಿನದ ಪೂಜೆಗೆ ಎರಡು ಮೊಳ ಕನಕಾಂಬರ, ಅರ್ಧ ಕಿಲೋ ತೊಂಡೆಕಾಯಿ ಕೊಂಡು ಮುಂದಿನ ಬಸ್ ಹತ್ತುತ್ತೇನೆ. ಮೆಟ್ರೊದಲ್ಲಿ ನಡುವೆ ಹೊರಬಂದರೆ ಮತ್ತೆ ಹೊಸ ಪ್ರಯಾಣದ ದರ ಬೀಳುತ್ತದೆ. ಹಾಗಾಗಿ ಆ ನಾಲ್ಕು ತಿಂಗಳು ಮಾರುಕಟ್ಟೆ ನಿಲ್ದಾಣವನ್ನು ದಿನಾ ದಾಟಿದೆನೇ ಹೊರತು ಒಮ್ಮೆಯೂ ಇಳಿಯಲಿಲ್ಲ.

ಇನ್ನೊಂದು ಮಾತು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನನ್ನ ಹೆಂಡತಿಗೆ ಸಾಮಾನ್ಯ ಬಸ್ ಉಚಿತ. ಭಾನುವಾರ ಇಬ್ಬರೂ ಎಲ್ಲಿಗಾದರೂ ಹೋಗಬೇಕೆಂದರೆ ಹೊಸದಾಗಿ ಒಂದು ರೂಪಾಯಿಯೂ ಖರ್ಚಾಗುವುದಿಲ್ಲ. ಮೊದಲು ‘ಆಟೊಗೆ ಎಷ್ಟು ಕೇಳುತ್ತಾನೋ’ ಎಂದು ಬಿಟ್ಟುಬಿಡುತ್ತಿದ್ದ ನೆಂಟರ ಮನೆಗಳಿಗೆ ಈಗ ಹೋಗಿ ಬರುತ್ತಿದ್ದೇವೆ.

ಮೆಟ್ರೊ ನಿಲ್ದಾಣಕ್ಕೆ ಹತ್ತು ನಿಮಿಷದ ನಡಿಗೆಯಲ್ಲಿ ಮನೆ ಇದ್ದವರು ಕಣ್ಣು ಮುಚ್ಚಿ ಮೆಟ್ರೊ ಕಾರ್ಡ್ ಮಾಡಿಸಿಕೊಳ್ಳಲಿ. ಬೆಳಿಗ್ಗೆ ಮಗುವನ್ನು ಶಾಲೆಗೆ ಬಿಟ್ಟು ಕೆಲಸಕ್ಕೆ ಓಡುವವರಿಗೆ ಸ್ಕೂಟರ್ ಬಿಟ್ಟರೆ ಗತಿಯಿಲ್ಲ. ನನಗೆ ಅರ್ಧ ಗಂಟೆ ಹೋದರೂ ಚಿಂತೆಯಿಲ್ಲ, ಸಂಜೆ ದರಕ್ಕಾಗಿ ಜಗಳವಾಡುವ ಶಕ್ತಿ ಇಲ್ಲ. ಸ್ಕೂಟರಿನ ವಿಮೆ ಮುಂದಿನ ತಿಂಗಳು ಮುಗಿಯುತ್ತದೆ. ಅಷ್ಟರೊಳಗೆ ಅದನ್ನು ಮಾರಿಬಿಡೋಣ ಎಂದು ಮನೆಯಲ್ಲಿ ಮಾತಾಗಿದೆ.